ಕೆಸರುಂಡ ಮೈ ಮತ್ತು ಇಲಿಜ್ವರ

ಶಿರಸಿ ಸೀಮೆಯ ಹಿರಿಯ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: ‘ಬಾಲ್ಯದಿಂದ ತೋಟದ ಕೆಸರು ತುಳಿದ ಮೈ ನನ್ನದು. ಈ ಮೈ ಕಾಣದ ರೋಗಾಣು ಇರಲಿಕ್ಕಿಲ್ಲ. ಇಲಿಜ್ವರಕ್ಕೆ ನಾನೇಕೆ ಹೆದರಬೇಕು? ಮೊಮ್ಮಕ್ಕಳನ್ನೂ ಬರಿಗಾಲಲ್ಲಿ ತೋಟಕ್ಕೆ ಇಳಿಸಿದರೆ ಗಟ್ಟಿಯಾಗುವುದಿಲ್ಲವೇ?’

ಮಾನ್ಯರೇ,

ರೋಗಾಣುಗಳ ಸಹವಾಸದಿಂದ ಮೈ ಪಳಗುತ್ತದೆ ಎಂಬ ನಿಮ್ಮ ಮಾತಿನ ಅರ್ಧ ಭಾಗ ವಿಜ್ಞಾನಕ್ಕೂ ಒಪ್ಪಿಗೆಯೇ. ಹುಟ್ಟಿನಿಂದ ಬರುವ ರಕ್ಷಣಾ ವ್ಯವಸ್ಥೆಗೆ ನೆನಪಿಲ್ಲ, ನೆನಪೆಲ್ಲ ಲಿಂಫೋಸೈಟ್ ಎಂಬ ಬೇರೆ ಬಗೆಯ ಬಿಳಿ ರಕ್ತಕಣಗಳ ಪಾಲು ಎಂದೇ ಬಹುಕಾಲ ನಂಬಲಾಗಿತ್ತು. ನೆದರ್ಲೆಂಡ್ಸ್‌ನ ವಿಜ್ಞಾನಿ ಮಿಹಾಯ್ ನೆಟಿಯಾ ಮತ್ತು ಸಂಗಡಿಗರು 2011ರಲ್ಲಿ ಈ ನಂಬಿಕೆಯನ್ನು ಪ್ರಶ್ನಿಸಿದರು. ಮರುವರ್ಷ ಪ್ರಕಟವಾದ ಅವರ ಅಧ್ಯಯನದಲ್ಲಿ, ಕ್ಷಯಕ್ಕೆಂದು ಕೊಡುವ ಬಿಸಿಜಿ ಲಸಿಕೆ ಪಡೆದವರ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳು ಮೂರು ತಿಂಗಳ ಬಳಿಕವೂ ಕ್ಷಯಕ್ಕೆ ಸಂಬಂಧವೇ ಇಲ್ಲದ ರೋಗಾಣುಗಳ ಎದುರು ಹೆಚ್ಚು ಚುರುಕಾಗಿದ್ದವು. ಈ ಕಣಗಳ ಆಯುಸ್ಸು ಕೆಲವೇ ದಿನ. ಹಾಗಾಗಿ ಗುರುತು ಉಳಿಯುವುದು ಅವು ಹುಟ್ಟುವ ಅಸ್ಥಿಮಜ್ಜೆಯಲ್ಲಿ. ಅಲ್ಲಿನ ಮೂಲಕೋಶಗಳಲ್ಲಿ ಯಾವ ಜೀನ್ ಬೇಗ ತೆರೆದುಕೊಳ್ಳಬೇಕು ಎಂಬುದೇ ಬದಲಾಗಿರುತ್ತದೆ.

ಆದರೆ ಬ್ಯಾಕ್ಟೀರಿಯಾದ ಸಹವಾಸ ಮೈಯನ್ನು ಚುರುಕುಗೊಳಿಸಿದಂತೆಯೇ ಮಂದವೂ ಮಾಡಬಲ್ಲದು. ಅಮೆರಿಕದ ವೈದ್ಯ ಪಾಲ್ ಬೀಸನ್ 1940ರ ದಶಕದಲ್ಲಿ ಮೊಲಗಳಿಗೆ ಟೈಫಾಯ್ಡ್ ಲಸಿಕೆಯನ್ನು ಮತ್ತೆ ಮತ್ತೆ ಚುಚ್ಚಿದಾಗ ಜ್ವರ ಇಳಿಯುತ್ತಾ ಬಂದಿತು. ಬ್ಯಾಕ್ಟೀರಿಯಾದ ಹೊರಕವಚದ ವಿಷವಸ್ತುವಿಗೆ ಮೈ ಒಗ್ಗಿಹೋಗಿತ್ತು. ಸೋಂಕು ರಕ್ತಕ್ಕೇರಿ ನರಳಿದ ರೋಗಿಗಳಲ್ಲೂ ರಕ್ಷಕ ಕಣಗಳು ಹೀಗೆ ಮಂಕಾಗುತ್ತವೆ. ಆಗ ಎರಡನೆಯ ಸೋಂಕು ಸುಲಭವಾಗಿ ಒಳಹೊಗುತ್ತದೆ. ಯಾವ ಜೀವಿ, ಎಷ್ಟು ಪ್ರಮಾಣ, ಎಷ್ಟು ಕಾಲ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಸರಿನಲ್ಲಿ ಅದನ್ನು ಅಳೆದು ಕೊಡುವವರು ಯಾರು?

ಇಲಿಜ್ವರ ತರುವ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾ ಅಂತೂ ಇನ್ನೂ ಕಿಲಾಡಿ. ಇಂಥ ಹೊರಕವಚವನ್ನು ಹಿಡಿಯಬೇಕಾದ ನಮ್ಮ ರಕ್ಷಕ ಕಣಗಳ ಮೇಲಿನ ಮುಖ್ಯ ಗ್ರಾಹಕ ಪ್ರೋಟೀನಿಗೆ ಇದರ ಕವಚ ಸರಿಯಾಗಿ ಸಿಗುವುದೇ ಇಲ್ಲ. ಒಮ್ಮೆ ಬಂದು ಹೋದರೂ ಬಹುಮಟ್ಟಿಗೆ ಅದೇ ಬಗೆಯಿಂದ ಮಾತ್ರ ರಕ್ಷಣೆ. ಬಗೆಗಳೋ 250ಕ್ಕೂ ಹೆಚ್ಚು. ಬಸಿಗಾಲುವೆಯಲ್ಲಿ ದಿನವಿಡೀ ನಿಂತು ನೆನೆದ ಹಿಮ್ಮಡಿಯನ್ನು ಒಮ್ಮೆ ನೋಡಿಕೊಳ್ಳಿ: ಬೆಳ್ಳಗೆ ಮೆತ್ತಗಾದ ಚರ್ಮ, ನಡುವೆ ಕೆಂಪಗೆ ಬಾಯಿಬಿಟ್ಟ ಬಿರುಕು. ಇಲಿಯ ಮೂತ್ರ ಬೆರೆತ ನೀರಿಗೆ ಅಷ್ಟು ದಾರಿ ಸಾಕು.

ಮೊಮ್ಮಕ್ಕಳು ಅಂಗಳದ ಒಣ ಮಣ್ಣಿನಲ್ಲಿ ಧಾರಾಳವಾಗಿ ಆಡಲಿ, ನಾನು ತಡೆಯುವುದಿಲ್ಲ. ಮಳೆಗಾಲದ ನಿಂತ ನೀರಿಗೆ ಮಾತ್ರ ಬರಿಗಾಲಲ್ಲಿ ಇಳಿಸಬೇಡಿ. ನೀವೂ ಗಂಬೂಟು ಹಾಕಿಕೊಳ್ಳಿ. ಜ್ವರದೊಂದಿಗೆ ಮೀನಖಂಡ ನೋಯತೊಡಗಿದರೆ, ಕಣ್ಣು ಕೆಂಪಾದರೆ, ಕಷಾಯ ಕುಡಿದು ಕಾಯಬೇಡಿ; ಅಂದೇ ವೈದ್ಯರಲ್ಲಿಗೆ ಹೋಗಿ, ತೋಟದ ನೀರಿನಲ್ಲಿ ಕೆಲಸ ಮಾಡಿದ್ದನ್ನು ಅವರು ಕೇಳುವ ಮೊದಲೇ ಹೇಳಿ.

– ಸಂಪಾದಕ