ಪರದೆಯಲ್ಲಿ ಬೆಳಗಿದ ಚಿತ್ರ ಆಲ್ಬಮ್‌ನಲ್ಲಿ ಕಪ್ಪಾಗುವುದೇಕೆ?

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಶಿವಮೊಗ್ಗದ ಲ್ಯಾಬಿಗೆ ಕಳುಹಿಸುತ್ತೇನೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುವ ಚಿತ್ರಗಳು ಆಲ್ಬಮ್‌ನಲ್ಲಿ ಕಪ್ಪಾಗಿ ಬರುತ್ತವೆ. ವಧುವಿನ ಕೆಂಪು ರೇಷ್ಮೆ ಸೀರೆಯ ನೆರಿಗೆಗಳೆಲ್ಲ ಒಂದೇ ಮುದ್ದೆಯಾಗುತ್ತವೆ. ಲ್ಯಾಬಿನವರು ನನ್ನ ಮಾನಿಟರನ್ನು ದೂರುತ್ತಾರೆ. ಅದು ಸರಿಯೇ?

ಉತ್ತರ: ಬಹುಮಟ್ಟಿಗೆ ಸರಿ. ಆದರೆ ನಿಮ್ಮ ಮಾನಿಟರ್ ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಅಂಗಡಿಯಲ್ಲಿ ಗಿರಾಕಿಯ ಕಣ್ಣು ಸೆಳೆಯಲೆಂದು ಕಾರ್ಖಾನೆಯವರು ಅದನ್ನು ಅಗತ್ಯಕ್ಕಿಂತ ಬಹಳ ಪ್ರಖರವಾಗಿಟ್ಟು ಕಳುಹಿಸಿರುತ್ತಾರೆ. ಸಾಮಾನ್ಯ ಮಾನಿಟರಿನ ಪೂರ್ಣ ಬ್ರೈಟ್‌ನೆಸ್ ಚದರ ಮೀಟರಿಗೆ 250ರಿಂದ 350 ಕ್ಯಾಂಡೆಲಾದಷ್ಟು (ಕ್ಯಾಂಡೆಲಾ ಬೆಳಕಿನ ಅಳತೆ) ಇರುತ್ತದೆ. ಮುದ್ರಣಕ್ಕೆ ಹೋಗುವ ಚಿತ್ರಗಳನ್ನು ತಿದ್ದಲು 80ರಿಂದ 120 ಸಾಕು. ಪರದೆಗೆ ತನ್ನದೇ ಬೆಳಕಿದೆ, ಕಾಗದಕ್ಕಿಲ್ಲ. ಹೀಗಾಗಿ ಪ್ರಖರವಾದ ಪರದೆಯ ಮುಂದೆ ಕುಳಿತವರು ಚಿತ್ರ ತೀರಾ ಬೆಳ್ಳಗಾಯಿತೆಂದು ಭಾವಿಸಿ ಅದನ್ನು ಇಳಿಸುತ್ತಾ ಹೋಗುತ್ತಾರೆ, ಫೈಲ್ ನಿಜವಾಗಿಯೂ ಕಪ್ಪಾಗಿರುತ್ತದೆ, ಲ್ಯಾಬಿನ ಯಂತ್ರ ಇದ್ದದ್ದನ್ನು ಇದ್ದಂತೆ ಮುದ್ರಿಸಿ ಕೊಡುತ್ತದೆ.

ಮೊದಲು ಇದನ್ನು ಮಾಡಿ ನೋಡಿ. ಪರದೆಯ ಮೇಲೆ ಖಾಲಿ ಬಿಳಿ ಪುಟವೊಂದನ್ನು ತೆರೆಯಿರಿ; ನೀವು ಪ್ರಿಂಟ್‌ಗಳನ್ನು ನೋಡುವ ದೀಪದ ಕೆಳಗೆ, ಪರದೆಯ ಪಕ್ಕದಲ್ಲಿಯೇ, ಒಂದು ಬಿಳಿ ಹಾಳೆಯನ್ನು ಹಿಡಿಯಿರಿ. ಪರದೆಯ ಬಿಳಿ ಟ್ಯೂಬ್‌ಲೈಟಿನಂತೆ ಉರಿಯುತ್ತ ಹಾಳೆ ಬೂದಿಯ ಬಣ್ಣಕ್ಕೆ ತಿರುಗಿದಂತೆ ಕಂಡರೆ, ಎರಡೂ ಹೆಚ್ಚುಕಡಿಮೆ ಸಮನಾಗುವವರೆಗೆ ಮಾನಿಟರಿನ ಗುಂಡಿಗಳಿಂದಲೇ ಬ್ರೈಟ್‌ನೆಸ್ ಇಳಿಸಿ. ಎರಡು ದಿನ ಕಣ್ಣಿಗೆ ಪರದೆ ಮಂಕೆನಿಸುತ್ತದೆ, ಆಮೇಲೆ ಒಗ್ಗುತ್ತದೆ. ಡೈನಾಮಿಕ್ ಕಾಂಟ್ರಾಸ್ಟ್, ಐ ಸೇವರ್, ಗೇಮ್ ಮೋಡ್ ಮುಂತಾದವುಗಳನ್ನೆಲ್ಲ ಆರಿಸಿಬಿಡಿ; ಕಂಪ್ಯೂಟರಿನ ನೈಟ್ ಲೈಟ್ ಕೂಡ ಬೇಡ.

ಸೀರೆಯದು ಬೇರೆ ವಿಷಯ, ಅದನ್ನು ಮಾನಿಟರಿನ ತಲೆಗೆ ಪೂರ್ತಿ ಕಟ್ಟಲಾಗದು. ಕಡುಗೆಂಪು ರೇಷ್ಮೆಯ ಮೇಲೆ ಫ್ಲ್ಯಾಶ್ ಬಿದ್ದಾಗ ಕೆಂಪು ಚಾನೆಲ್ (ಚಿತ್ರದಲ್ಲಿ ಕೆಂಪಿನ ಪ್ರಮಾಣವನ್ನು ಹಿಡಿದಿಡುವ ಭಾಗ) ಬೇಗ ತುಂಬಿ ತನ್ನ ಗರಿಷ್ಠವಾದ 255ಕ್ಕೆ ಮುಟ್ಟುತ್ತದೆ. ಒಮ್ಮೆ ಅಲ್ಲಿಗೆ ಮುಟ್ಟಿದ ಮೇಲೆ ನೆರಿಗೆಯ ಏರುತಗ್ಗುಗಳಿಗೆ ಆ ಚಾನೆಲ್‌ನಲ್ಲಿ ಜಾಗವೇ ಉಳಿಯುವುದಿಲ್ಲ. ಹಿಸ್ಟೋಗ್ರಾಮ್‌ನಲ್ಲಿ (ಚಿತ್ರದ ಕಪ್ಪಿನಿಂದ ಬೆಳಕಿನವರೆಗಿನ ಹಂಚಿಕೆ ತೋರುವ ನಕ್ಷೆ) ಮೂರು ಬಣ್ಣಗಳನ್ನೂ ಬೇರೆಬೇರೆಯಾಗಿ ನೋಡಿ, ಕೆಂಪು ಬಲತುದಿಗೆ ಒತ್ತಿಕೊಂಡಿದ್ದರೆ ರಾ ಫೈಲಿಗೆ (ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲ್) ಮರಳಿ ಎಕ್ಸ್‌ಪೋಶರ್ ಮತ್ತು ಕೆಂಪಿನ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸಿ. ಲ್ಯಾಬಿನವರು ತಮ್ಮ ಕಾಗದದ ಐಸಿಸಿ ಪ್ರೊಫೈಲ್ (ಕಾಗದ ಬಣ್ಣಗಳನ್ನು ಹೇಗೆ ತೋರುತ್ತದೆಂದು ತಿಳಿಸುವ ಫೈಲ್) ಕೊಡುವುದಾದರೆ ಕೇಳಿ ಪಡೆಯಿರಿ. ಅದನ್ನು ಫೋಟೋಶಾಪ್‌ನ ಸಾಫ್ಟ್ ಪ್ರೂಫ್‌ಗೆ (ಪ್ರಿಂಟ್ ಹೇಗೆ ಬರುವುದೆಂದು ಪರದೆಯಲ್ಲೇ ತೋರುವ ಸೌಲಭ್ಯ) ಹಾಕಿದರೆ ಆ ಕಾಗದ ಯಾವ ಕೆಂಪನ್ನು ಹಿಡಿಯಲಾರದು ಎಂಬುದು ಮುದ್ರಣಕ್ಕೆ ಮುನ್ನವೇ ತಿಳಿಯುತ್ತದೆ. ಮಾನಿಟರ್ ಸರಿಯಿಲ್ಲದೆ ಸಾಫ್ಟ್ ಪ್ರೂಫ್ ನೋಡುವುದು ಮಾತ್ರ ವ್ಯರ್ಥ.

ಪ್ರಶ್ನೆ: ಪರದೆಯ ಬಣ್ಣ ಅಳೆಯುವ ಕಲರಿಮೀಟರ್ ಕೊಳ್ಳುವಷ್ಟು ಬಂಡವಾಳ ನನ್ನಲ್ಲಿಲ್ಲ. ಗೆಳೆಯರೊಬ್ಬರ ಬಳಿ ನನ್ನದೇ ಮಾದರಿಯ ಮಾನಿಟರ್ ಇದೆ, ಅದಕ್ಕೆ ಕ್ಯಾಲಿಬ್ರೇಶನ್ (ಅಳೆದು ಬಣ್ಣ ಸರಿಹೊಂದಿಸುವುದು) ಮಾಡಿಸಿದ್ದಾರೆ. ಅವರ ಪ್ರೊಫೈಲ್ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಂಡರೆ ಸಾಲದೆ? (ಸಾಗರ)

ಉತ್ತರ: ಸಾಲದು. ಒಂದೇ ಮಾದರಿಯ ಎರಡು ಮಾನಿಟರ್‌ಗಳು ಒಂದೇ ಬಣ್ಣ ತೋರುವುದಿಲ್ಲ; ಹಿಂಬದಿಯ ದೀಪ ಎಷ್ಟು ಹಳತಾಗಿದೆ ಎಂಬುದರಿಂದಲೂ ವ್ಯತ್ಯಾಸ ಬೀಳುತ್ತದೆ. ಕಲರಿಮೀಟರ್ ಮಾಡುವ ಕೆಲಸವೆಂದರೆ, ತಂತ್ರಾಂಶ ಒಂದರ ಹಿಂದೊಂದರಂತೆ ತೋರಿಸುವ ಬಣ್ಣದ ಚೌಕಗಳನ್ನು ಪರದೆಗೆ ಆನಿಸಿಕೊಂಡು ಅಳೆದು, ಇರಬೇಕಾದ ಬಣ್ಣಕ್ಕೂ ನಿಜವಾಗಿ ಬಂದ ಬಣ್ಣಕ್ಕೂ ಇರುವ ಅಂತರವನ್ನು ಪ್ರೊಫೈಲ್‌ನಲ್ಲಿ ಬರೆದಿಡುವುದು. ಗೆಳೆಯರ ಪ್ರೊಫೈಲ್‌ನಲ್ಲಿರುವುದು ಅವರ ಪರದೆಯ ಅಂತರ, ನಿಮ್ಮದಲ್ಲ. ಅದರ ಬದಲು ಆ ಉಪಕರಣವನ್ನೇ ಒಂದು ಸಂಜೆ ಎರವಲು ತನ್ನಿ, ಅಥವಾ ಊರಿನ ಮೂರ್ನಾಲ್ಕು ಸ್ಟುಡಿಯೋದವರು ಸೇರಿ ಒಂದನ್ನು ಕೊಳ್ಳಿ. ತಿಂಗಳಿಗೊಮ್ಮೆ ಬಳಸುವ ವಸ್ತುವಿಗೆ ಇದೇ ಸರಿಯಾದ ದಾರಿ ಎಂದು ನನಗೆ ತೋರುತ್ತದೆ. ಡಿಸ್‌ಪ್ಲೇಕ್ಯಾಲ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಅದರಲ್ಲಿ ಬಿಳಿಯ ಛಾಯೆಯನ್ನು 6500 ಕೆಲ್ವಿನ್, ಗಾಮಾವನ್ನು (ನಡುಛಾಯೆಗಳ ಬೆಳಕನ್ನು ನಿರ್ಧರಿಸುವ ಅಂಕಿ) 2.2, ಬ್ರೈಟ್‌ನೆಸ್ಸನ್ನು ಚದರ ಮೀಟರಿಗೆ 100 ಕ್ಯಾಂಡೆಲಾದ ಆಸುಪಾಸು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಉಪಕರಣವನ್ನು ಮೇಜಿನ ಮೇಲೆ ಬಿಡದೆ ಲೆನ್ಸ್‌ಗಳ ಜೊತೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ವಿಂಡೋಸ್‌ನಲ್ಲಿಯೇ ಬರುವ, ಕಣ್ಣಳತೆಯ ಕ್ಯಾಲಿಬ್ರೇಶನ್ ಗಾಮಾ ಮತ್ತು ಬ್ರೈಟ್‌ನೆಸ್ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಬಣ್ಣದ ಸಮತೋಲನಕ್ಕೆ ಅದನ್ನು ನಂಬಬೇಡಿ, ಏಕೆಂದರೆ ಹಳದಿ ಬಲ್ಬಿನ ಕೆಳಗೆ ಸ್ವಲ್ಪ ಹೊತ್ತು ಕುಳಿತ ಕಣ್ಣಿಗೆ ಹಳದಿಯೇ ಬಿಳಿಯಾಗಿಬಿಡುತ್ತದೆ.

ಪ್ರಶ್ನೆ: ಕಲರಿಮೀಟರಿನಿಂದಲೇ ಕ್ಯಾಲಿಬ್ರೇಶನ್ ಮಾಡಿದ್ದೇನೆ. ಆದರೂ ಬೆಳಿಗ್ಗೆ ತಿದ್ದಿದ ಚಿತ್ರವನ್ನು ಸಂಜೆ ನೋಡಿದರೆ ಬೇರೆಯಾಗಿ ಕಾಣುತ್ತದೆ. (ಹೊಸನಗರ)

ಉತ್ತರ: ನಿಮ್ಮ ಕೋಣೆಯ ಕಿಟಕಿ ಯಾವ ಕಡೆಗಿದೆ ಎಂದು ನೀವು ಬರೆದಿಲ್ಲ, ಆದರೆ ಮಲೆನಾಡಿನ ಮನೆಯ ಕಿಟಕಿಯೆಂದರೆ ಹೊರಗೆ ತೋಟವೋ ಹಲಸಿನ ಮರವೋ ಇದ್ದೇ ಇರುತ್ತದೆ. ಎಲೆಗಳ ಮೇಲೆ ಬಿದ್ದು ಒಳಬರುವ ಬೆಳಕು ಹಸಿರು ಬೆರೆತೇ ಬರುತ್ತದೆ. ಆ ಬೆಳಕಿಗೆ ಒಗ್ಗಿದ ಕಣ್ಣು ಪರದೆಯ ಚಿತ್ರವನ್ನು ನಸುಗೆಂಪೆಂದು ಓದುತ್ತದೆ, ನೀವು ಕೆಂಪು ತೆಗೆಯುತ್ತೀರಿ, ಸಂಜೆ ದೀಪ ಹಾಕಿದಾಗ ಮುಖಗಳು ಕಾಯಿಲೆಯವರಂತೆ ಕಾಣುತ್ತವೆ. ಆಷಾಢದ ಮೋಡದ ಮಧ್ಯಾಹ್ನಗಳಲ್ಲಂತೂ ಗಂಟೆಗೊಂದು ಬೆಳಕು. ಪರದೆಯನ್ನು ಕಿಟಕಿಗೆ ಎದುರಾಗಿಯೂ ಇಡಬೇಡಿ, ಬೆನ್ನಾಗಿಯೂ ಇಡಬೇಡಿ. ಬೂದು ಬಣ್ಣದ ದಪ್ಪ ಪರದೆಬಟ್ಟೆ ಎಳೆದು, ಹಗಲಿರುಳೂ ಒಂದೇ ದೀಪದಲ್ಲಿ ಕೆಲಸ ಮಾಡಿ. ಗಿಳಿಹಸಿರು ಬಣ್ಣ ಬಳಿದ ಗೋಡೆಯಿದ್ದರೆ ಮಾನಿಟರಿನ ಹಿಂದಿರುವ ಗೋಡೆಯ ಭಾಗಕ್ಕಾದರೂ ಬಿಳಿಯೋ ಬೂದಿಯೋ ಬಳಿಸಿ.

ಇನ್ನೊಂದು ಸಂದೇಹವಿದೆ. ಕರೆಂಟು ಹೋಗಿ ಬಂದ ಕೂಡಲೇ ನೀವು ಕೆಲಸಕ್ಕೆ ಕೂರುತ್ತಿರಬಹುದು. ತಣ್ಣಗಾದ ಮಾನಿಟರ್ ತನ್ನ ನಿಲುಗಡೆಯ ಬಣ್ಣಕ್ಕೆ ಬರಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಚಿತ್ರಗಳನ್ನು ಆರಿಸುವ, ಫೋಲ್ಡರ್ ಜೋಡಿಸುವ ಕೆಲಸ ಮಾಡಿಕೊಂಡು, ಬಣ್ಣಕ್ಕೆ ಆಮೇಲೆ ಕೈಹಾಕಿ. ಕಲರಿಮೀಟರಿನಿಂದ ಅಳೆಯುವಾಗಲೂ ಇದೇ ಕ್ರಮ ಇರಲಿ.