ಮೂನ್‌ಸ್ಟೋನ್ ಉಂಗುರ ದಿನಾ ಹಾಕಬಹುದಾ?

ಕಾಸರಗೋಡಿನ ಚಿನ್ನದಂಗಡಿಯಲ್ಲಿ ನೋಡಿದ ಮೂನ್‌ಸ್ಟೋನ್ ಉಂಗುರವನ್ನು ದಿನಾ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ, ಆ ಕಲ್ಲನ್ನು ಓಲೆಗೋ ಪದಕಕ್ಕೋ ಹಾಕಿಸಿ. ಇದು ಫೆಲ್ಡ್‌ಸ್ಪಾರ್ ಅನ್ನೋ ಖನಿಜದ ಜಾತಿಯದು, ಕಲ್ಲುಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಇದರದ್ದು 6ರಿಂದ 6.5 ಅಷ್ಟೇ. ಜೋರಾಗಿ ತಾಗಿದರೆ ಸೀಳಬಹುದು.

ಅದರ ಚೆಲುವೆಲ್ಲ ಒಳಗಿದೆ. ಎರಡು ಬಗೆಯ ಫೆಲ್ಡ್‌ಸ್ಪಾರ್ ತೆಳು ಪದರಗಳಾಗಿ ಕೂತಿರುತ್ತವೆ, ಬೆಳಕು ಅಲ್ಲಿ ಚದುರುತ್ತದೆ. ಕಲ್ಲನ್ನು ಮೆಲ್ಲಗೆ ತಿರುಗಿಸಿ, ನೀಲಿ ಹೊಳಪು ತೇಲುತ್ತಾ ಸರಿಯುತ್ತದೆ. ಅದಕ್ಕೇ ವಜ್ರದ ಹಾಗೆ ಮುಖಗಳನ್ನು ಕೊರೆಯದೆ ಮೇಲೆ ಉಬ್ಬಾಗಿ, ನುಣ್ಣಗೆ ಉಜ್ಜುತ್ತಾರೆ. ಲೆನ್ಸಿನಲ್ಲಿ ಜರಿಹುಳದಂತಹ ಸಣ್ಣ ಬಿರುಕು ಕಂಡರೆ ಅಸಲಿ ಇರುವ ಸಾಧ್ಯತೆ ಜಾಸ್ತಿ.

ಮೂನ್‌ಸ್ಟೋನನ್ನು ನಮ್ಮಲ್ಲಿ ಚಂದ್ರಕಾಂತ ಶಿಲೆ ಅಂತಾರೆ; ಬೆಳದಿಂಗಳು ಬಿದ್ದರೆ ಚಂದ್ರಕಾಂತ ಶಿಲೆ ನೀರು ಒಸರುತ್ತದೆ ಅಂತ ನಮ್ಮ ಹಳೆಯ ಕಾವ್ಯಗಳಲ್ಲಿದೆ. ಎಷ್ಟು ಚೆಂದದ ಕಲ್ಪನೆ, ಅಲ್ವಾ? ಜ್ಯೋತಿಷಿಗಳು ಮುತ್ತಿನ ಬದಲು ಇದನ್ನು ಹೇಳುವುದೂ ಉಂಟು.

ತೊಳೆಯಲು ಸೋಪುನೀರು, ಮೆತ್ತನೆ ಬಟ್ಟೆ ಸಾಕು. ಕಂಪನದಿಂದ ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿಸಬೇಡಿ.