ನದಿ ದಂಡೆಗೆ ಮರ ನೆಟ್ಟರೆ ಮೀನಿನ ಮರಿಗೆ ಏನು ಲಾಭ?

ಮುಖ್ಯ ಲಾಭ ನೆರಳು. ದಂಡೆಯ ಮರ ನೀರನ್ನು ತಂಪಾಗಿಡುತ್ತದೆ, ತಂಪು ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಏರುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲು ಕಂಡವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಾಲ್ಮನ್ ಎಂಬ ಮೀನು ಸಮುದ್ರದಿಂದ ಹೊಳೆಗೆ ಬಂದು ಮೊಟ್ಟೆ ಇಡುತ್ತದೆ. ಹೊಳೆಗೆ ಬಿದ್ದ ದಿಮ್ಮಿಗಳು ಅದರ ದಾರಿಗೆ ಅಡ್ಡ ಎಂದು ಕಳೆದ ಶತಮಾನದಲ್ಲಿ ಎಳೆದು ಹೊರಹಾಕಿದರು. ದಿಮ್ಮಿಯ ಬಳಿ ಆಗುತ್ತಿದ್ದ ಮಡುಗಳೂ ಹೋದವು. ಮರಿಗಳು ಅಡಗುತ್ತಿದ್ದದ್ದು ಅಲ್ಲೇ! ಈಗ ದುಡ್ಡು ಕೊಟ್ಟು ಮತ್ತೆ ಹೊಳೆಗೆ ದಿಮ್ಮಿ ಇಳಿಸುತ್ತಿದ್ದಾರೆ, ದಂಡೆಗೆ ಮರವನ್ನೂ ನೆಡುತ್ತಿದ್ದಾರೆ.

ನಮ್ಮಲ್ಲಿ ಸಾಲ್ಮನ್ ಇಲ್ಲ, ಆದರೆ ನೆರಳಿನ ಲೆಕ್ಕ ಒಂದೇ. ಅಗಲವಾದ ಭೀಮೆಯ ನಡುನೀರಿಗೆ ಮರದ ನೆರಳು ಮುಟ್ಟುವುದಿಲ್ಲ. ಹಾಗಾಗಿ ಭೀಮಾ, ಕಾಗಿಣಾ ನದಿಗಳಿಗೆ ಸೇರುವ ಸಣ್ಣ ಹಳ್ಳಗಳಿಂದ ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹೊಂಗೆ, ಅತ್ತಿ, ನೇರಳೆ ನೆಡಿ. ಇವುಗಳ ಬೇರು ದಂಡೆಯ ಎರೆಮಣ್ಣನ್ನೂ ಹಿಡಿದಿಡುತ್ತದೆ. ಮಳೆಗೆ ಕೊಚ್ಚಿ ಬಂದ ಮಣ್ಣು ಮೊಟ್ಟೆಗಳ ಮೇಲೆ ಕೂರುವುದು ಕಡಿಮೆಯಾಗುತ್ತದೆ.